ಹೊರದೇಶದಿಂದ ದತ್ತು ಬಂದ ಪುಟ್ಟ ಮಗು: ಮೊದಲ ವರ್ಷದ ಆರೈಕೆ ಮತ್ತು ಬೆಳವಣಿಗೆಯ ಲೆಕ್ಕ, ಹಂತ ಹಂತವಾಗಿ

ಒಂದರಿಂದ ಮೂರು ವರ್ಷದ ಮಗುವನ್ನು ಹೊರದೇಶದಿಂದ ದತ್ತು ತಂದ, ಮುಂಬಯಿ, ಪುಣೆ, ಗೋವಾ ಕಡೆಯ ನಮ್ಮ ಕನ್ನಡಿಗರ ಮನೆಗಳಲ್ಲಿ ಲೆಕ್ಕ ತಪ್ಪುವುದು ಎರಡು ರೀತಿಯಲ್ಲಿ. ಕೆಲವರು ಮೊದಲ ವಾರವೇ ಪಕ್ಕದ ಫ್ಲ್ಯಾಟಿನ ಓರಗೆಯ ಮಗುವಿನೊಂದಿಗೆ ಹೋಲಿಸಿ ಗಾಬರಿಯಾಗುತ್ತಾರೆ. ಇನ್ನು ಕೆಲವರು ‘ಹೊಸ ಊರು, ಹೊಸ ಭಾಷೆ, ನಿಧಾನಕ್ಕೆ ಸರಿಹೋಗುತ್ತೆ’ ಅಂತ ಕಾಯುತ್ತಲೇ ಇರುತ್ತಾರೆ; ಎರಡು ವರ್ಷ ಕಳೆದ ಮೇಲೆ ಮಗುವಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ ಎಂದು ಗೊತ್ತಾಗುತ್ತದೆ. ಈ ಎರಡನ್ನೂ ತಡೆಯುವ ಕ್ರಮ ಒಂದೇ. ಮಗು ಇವತ್ತು ಎಲ್ಲಿದೆ ಎಂಬುದರ ಮೇಲೆ ತೀರ್ಮಾನಿಸಬೇಡಿ. ಯಾವ ವೇಗದಲ್ಲಿ ಮುಂದೆ ಬರುತ್ತಿದೆ ಎಂಬುದನ್ನು ತಿಂಗಳಿಗೊಮ್ಮೆ ಅಳೆದು ಬರೆದಿಡಿ.

ಹಂತಗಳನ್ನು ಇದೇ ಅನುಕ್ರಮದಲ್ಲಿ ಮಾಡಿ. ಮಾತಿನ ಚಿಂತೆಗಿಂತ ಮೊದಲು ಕಿವಿಯ ಪರೀಕ್ಷೆ, ನಡವಳಿಕೆಯ ಚಿಂತೆಗಿಂತ ಮೊದಲು ಹೊಟ್ಟೆ ಮತ್ತು ನಿದ್ದೆ, ಪ್ಲೇಸ್ಕೂಲಿಗಿಂತ ಮೊದಲು ಅಪ್ಪ ಅಮ್ಮ ಯಾರೆಂಬುದು ಮಗುವಿಗೆ ಗಟ್ಟಿಯಾಗುವುದು. ಈ ಕ್ರಮ ಅಡಿಮೇಲಾದರೆ ಮುಂದಿನ ಅಳತೆಗಳೆಲ್ಲ ತಪ್ಪು ಹೇಳುತ್ತವೆ.

ಮೊದಲು ಕೂಡಿಸಿಟ್ಟುಕೊಳ್ಳಬೇಕಾದ ಸಾಮಾನು

ದಪ್ಪ ರಟ್ಟಿನ ಒಂದು ನೋಟ್‌ಬುಕ್. 100 ಗ್ರಾಂ ಅಥವಾ ಅದಕ್ಕಿಂತ ಸೂಕ್ಷ್ಮವಾಗಿ ತೋರಿಸುವ ಡಿಜಿಟಲ್ ತೂಕದ ಯಂತ್ರ. ತಲೆ ಮತ್ತು ತೋಳಿನ ಸುತ್ತಳತೆಗೆ ಹಿಗ್ಗದ ಟೇಪು. ದರ್ಜಿಯ ಹಳೆಯ ಟೇಪು ಬೇಡ, ಅದು ಬಳಸುತ್ತ ಹಿಗ್ಗಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆಯ ನಕ್ಷೆಗಳು: ವಯಸ್ಸಿಗೆ ತೂಕ, ವಯಸ್ಸಿಗೆ ಎತ್ತರ, ಎತ್ತರಕ್ಕೆ ತೂಕ, ತಲೆಯ ಸುತ್ತಳತೆ, ಹೀಗೆ ನಾಲ್ಕು. ಗಂಡು ಮಕ್ಕಳ ನಕ್ಷೆ ಬೇರೆ, ಹೆಣ್ಣು ಮಕ್ಕಳದು ಬೇರೆ, ನೋಡಿ ತೆಗೆದುಕೊಳ್ಳಿ. ಮಗುವಿನ ದೇಶದ ನಕ್ಷೆ ಹುಡುಕಬೇಕಾಗಿಲ್ಲ, 5 ವರ್ಷದವರೆಗೆ ಇವೇ ಎಲ್ಲ ದೇಶದ ಮಕ್ಕಳಿಗೂ ಸಾಕು.

ಹಂತ 1: ಮಗುವನ್ನು ಕೈಗೆ ತೆಗೆದುಕೊಳ್ಳುವ ಮೊದಲು ಕೇಳಬೇಕಾದ್ದು

ಆ ದೇಶದ ಅನಾಥಾಲಯದಂಥ ಸಂಸ್ಥೆಯಲ್ಲೋ ಸಾಕುಮನೆಯಲ್ಲೋ ಮಗುವನ್ನು ನೋಡಿಕೊಂಡವರ ಹತ್ತಿರ ಮಾತಾಡಲು ಸಿಗುವುದು ಸಾಮಾನ್ಯವಾಗಿ ಒಂದೇ ಸಲ. ದುಭಾಷಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಇವಿಷ್ಟನ್ನು ಕೇಳಿ ಬರೆದುಕೊಳ್ಳಿ. ಎಷ್ಟು ವಾರಕ್ಕೆ ಹುಟ್ಟಿತು, ಹುಟ್ಟಿದಾಗ ತೂಕ ಎಷ್ಟು. ಸಂಸ್ಥೆಗೆ ಬಂದಾಗ ವಯಸ್ಸು ಎಷ್ಟು. ಈವರೆಗಿನ ಎಲ್ಲ ತೂಕ, ಎತ್ತರ, ತಲೆಯ ಸುತ್ತಳತೆ, ತಾರೀಖಿನ ಸಮೇತ. ಹೆತ್ತ ತಾಯಿ ಬಸುರಿನಲ್ಲಿ ಮದ್ಯ ಕುಡಿದದ್ದು ಗೊತ್ತಿದೆಯೇ. ಊಟ ಬಾಟಲಿಯಲ್ಲೋ ಚಮಚದಲ್ಲೋ, ನುಣ್ಣಗೋ ಗಟ್ಟಿಯಾಗಿಯೋ. ಬೆನ್ನ ಮೇಲೋ ಹೊಟ್ಟೆಯ ಮೇಲೋ ಮಲಗುತ್ತದೆ, ಬೆಳಕು ಇರುತ್ತದೋ ಇಲ್ಲವೋ. ಮಗುವನ್ನು ಏನೆಂದು ಕರೆಯುತ್ತಾರೆ. ನೀರು, ಊಟ, ನೋವು, ಬಾ, ಸಾಕು, ಮಲಗು, ಉಚ್ಚೆ ಎಂಬುದಕ್ಕೆ ಅದು ಕೇಳಿ ಬಲ್ಲ ಮಾತು ಯಾವುದು. ಈ ಕೊನೆಯದನ್ನು ಫೋನಿನಲ್ಲಿ ಅವರ ದನಿಯಲ್ಲೇ ರೆಕಾರ್ಡ್ ಮಾಡಿಕೊಳ್ಳಿ. ಕನ್ನಡದಲ್ಲಿ ಬರೆದುಕೊಂಡ ಉಚ್ಚಾರ ಮನೆಗೆ ಬಂದ ಮೇಲೆ ಕೈಕೊಡುತ್ತದೆ.

ಅದು ಹೊದೆಯುತ್ತಿದ್ದ ಬಟ್ಟೆ, ಅಂಗಿ ಸಿಕ್ಕರೆ ಒಗೆಯದೆ ತನ್ನಿ. ಪರಿಚಿತ ವಾಸನೆ ಮೊದಲ ರಾತ್ರಿಗಳಿಗೆ ಬೇಕು. ಕುಡಿಯುತ್ತಿದ್ದ ಹಾಲಿನ ಪುಡಿ ಎರಡು ವಾರಕ್ಕಾಗುವಷ್ಟು ತನ್ನಿ.

ಕಾಗದಗಳ ವಿಷಯ ಚಿಕ್ಕದಾಗಿ. ಭಾರತ 2003ರಿಂದ ಹೇಗ್ ದತ್ತು ಒಪ್ಪಂದದಲ್ಲಿದೆ. ಹೊರದೇಶದ ಮಗುವನ್ನು ದತ್ತು ಪಡೆಯುವ ಭಾರತೀಯರು ಆ ದೇಶದ ಕಾನೂನಿನಂತೆ ಅಲ್ಲಿಯ ವಿಧಿ ಮುಗಿಸಬೇಕು, ಇಲ್ಲಿ ದತ್ತು ವ್ಯವಹಾರ ನೋಡುವ ಕೇಂದ್ರ ಸರ್ಕಾರದ ಪ್ರಾಧಿಕಾರವಾದ ಕಾರಾದ (CARA) ಒಪ್ಪಿಗೆಯೂ ಬೇಕು, ಮಗುವಿಗೆ ಅಲ್ಲಿಯ ಭಾರತೀಯ ರಾಯಭಾರ ಕಚೇರಿಯಿಂದ ವೀಸಾ ಪಡೆಯಬೇಕು. ವಿದೇಶಿ ಪಾಸ್‌ಪೋರ್ಟಿನ ಮೇಲೆ ಬಂದ ಮಗುವಿಗೆ ದತ್ತು ಆದೇಶವಾದ ಮಾತ್ರಕ್ಕೆ ಭಾರತದ ಪೌರತ್ವ ಬರುವುದಿಲ್ಲ. 1955ರ ಪೌರತ್ವ ಕಾಯ್ದೆಯಡಿ ನೋಂದಣಿಗೆ ಬೇರೆ ಅರ್ಜಿ ಹಾಕಬೇಕು. ವೀಸಾ ಮುಗಿಯುವ ತಾರೀಖನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ದೊಡ್ಡದಾಗಿ ಬರೆಯಿರಿ.

ಹಂತ 2: ಮೊದಲ ಮೂರು ತಿಂಗಳು, ಎರಡೇ ಜೊತೆ ಕೈಗಳು

ನಮ್ಮ ಮನೆಗಳಲ್ಲಿ ಅತಿ ಹೆಚ್ಚು ಕೆಡುವ ಹಂತ ಇದು, ಅದೂ ಪ್ರೀತಿಯಿಂದಲೇ. ಊರಿನಿಂದ ಅಜ್ಜಿ ಬರುತ್ತಾರೆ, ಡೊಂಬಿವಲಿಯಿಂದ ದೊಡ್ಡಮ್ಮ ಬರುತ್ತಾರೆ, ಸೊಸೈಟಿಯವರು ಬರುತ್ತಾರೆ, ಎಲ್ಲರೂ ಎತ್ತಿಕೊಂಡು ತುತ್ತು ಕೊಡುತ್ತಾರೆ. ಪಾಳಿಯ ಮೇಲೆ ಬದಲಾಗುವ ಆಯಾಗಳ ಕೈಯಲ್ಲಿ ಬೆಳೆದ ಮಗುವಿಗೆ ಇದು ಹಳೆಯ ಸಂಸ್ಥೆಯ ಮುಂದುವರಿಕೆಯಾಗಿಯೇ ಕಾಣುತ್ತದೆ. ಹಸಿವಾದರೆ, ಬಿದ್ದರೆ, ಹೆದರಿದರೆ ಯಾರ ಹತ್ತಿರ ಹೋಗಬೇಕೆಂದು ಅದಕ್ಕೆ ಕಲಿಯಲು ಆಗುವುದಿಲ್ಲ.

ಆದ್ದರಿಂದ ನಾಲ್ಕು ಕೆಲಸಗಳನ್ನು ಅಪ್ಪ ಅಮ್ಮ ಇಬ್ಬರೇ ಮಾಡಬೇಕು: ಊಟ ಮಾಡಿಸುವುದು, ಸ್ನಾನ, ಮಲಗಿಸುವುದು, ಅತ್ತಾಗ ಎತ್ತಿಕೊಳ್ಳುವುದು. ಮನೆಗೆಲಸದಾಕೆಗೆ ಅಡುಗೆ, ಪಾತ್ರೆ, ಬಟ್ಟೆ ಒಪ್ಪಿಸಿ, ಮಗುವನ್ನಲ್ಲ. ಹಿರಿಯರಿಗೆ ಹೇಳುವುದು ಕಷ್ಟ, ಆದರೆ ಮೊದಲೇ ಹೇಳಬೇಕು. ‘ಅತ್ತೆ, ಮೂರು ತಿಂಗಳು ಊಟ, ಸ್ನಾನ, ನಿದ್ದೆ ನಾವಿಬ್ಬರೇ ನೋಡ್ಕೋತೀವಿ. ನೀವು ಹತ್ತಿರ ಕೂತು ಹಾಡಿ, ಆಟ ಆಡಿಸಿ. ಅತ್ತರೆ ಮಾತ್ರ ನಮ್ಮ ಕೈಗೆ ಕೊಟ್ಟುಬಿಡಿ.’ ಇಷ್ಟು ಸಾಕು. ಅವರನ್ನು ದೂರ ಇಡುತ್ತಿಲ್ಲ, ಅವರಿಗೂ ಒಂದು ಕೆಲಸ ಕೊಟ್ಟಿದ್ದೀರಿ.

ನಾಮಕರಣವನ್ನು ದೊಡ್ಡ ಹಾಲ್‌ನಲ್ಲಿ ಮಾಡುವ ಆಸೆಯಿದ್ದರೆ ಆರು ತಿಂಗಳು ಮುಂದೂಡಿ. ಪುಣೆಯ ಗಣೇಶೋತ್ಸವದ ಢೋಲ್-ತಾಶಾ, ಮುಂಬಯಿ ಲೋಕಲ್‌ನ ನೂಕುನುಗ್ಗಲು, ಮಾಲ್ ಮೊದಲ ಎರಡು ತಿಂಗಳು ಬೇಡ. ಹೊಸ ಹೆಸರು ಇಟ್ಟರೂ ಹಳೆಯ ಹೆಸರನ್ನು ಒಮ್ಮೆಲೇ ಕಿತ್ತುಹಾಕಬೇಡಿ. ಎರಡನ್ನೂ ಸೇರಿಸಿ ಕೆಲವು ತಿಂಗಳು ಕರೆಯಿರಿ.

ಇಲ್ಲಿ ಗಮನಿಸಬೇಕಾದ ಒಂದು ಚಿಹ್ನೆಯನ್ನು ಎಲ್ಲರೂ ತಪ್ಪಾಗಿ ಓದುತ್ತಾರೆ. ‘ಯಾರ ಹತ್ರ ಬೇಕಾದ್ರೂ ಹೋಗ್ತಾನೆ, ಅಳೋದೇ ಇಲ್ಲ, ಎಷ್ಟು ಒಳ್ಳೆ ಮಗು’ ಎಂದು ನೆರೆಯವರು ಹೊಗಳುತ್ತಾರೆ. ವಾಚ್‌ಮನ್, ಲಿಫ್ಟಿನಲ್ಲಿ ಸಿಕ್ಕವರು, ಅಂಗಡಿಯವರು ಎಲ್ಲರ ತೊಡೆಗೂ ಹಾರುವುದು ಹೊಂದಾಣಿಕೆಯಲ್ಲ, ತನ್ನವರು ಯಾರೆಂದು ಇನ್ನೂ ಗೊತ್ತಾಗಿಲ್ಲ ಎಂಬುದರ ಗುರುತು. ಬಿದ್ದರೂ ಅಳದಿರುವುದು, ಅತ್ತರೂ ಯಾರನ್ನೂ ಹುಡುಕದಿರುವುದು ಕೂಡ ಹಾಗೆಯೇ. ಇದಕ್ಕೆ ವಿರುದ್ಧವಾಗಿ, ಎರಡು ತಿಂಗಳ ನಂತರ ನೀವು ಬಾತ್‌ರೂಮಿಗೆ ಹೋದರೂ ಬಾಗಿಲು ಬಡಿದು ಅಳಲು ಶುರುಮಾಡಿದರೆ ಬೇಸರಪಡಬೇಡಿ. ಕೆಲಸ ಆಗುತ್ತಿದೆ.

ಹಂತ 3: ಎರಡು ವಾರದೊಳಗೆ ಮಕ್ಕಳ ವೈದ್ಯರ ಬಳಿ

ಜ್ವರ ಬರಲಿ ಎಂದು ಕಾಯಬೇಡಿ. ಬಂದ ಎರಡು ವಾರದೊಳಗೆ ಮಕ್ಕಳ ವೈದ್ಯರಿಗೆ ತೋರಿಸಿ, ಮೊದಲೇ ಫೋನ್ ಮಾಡಿ ದೀರ್ಘ ಸಮಯ ಕೇಳಿಕೊಳ್ಳಿ. ಅಲ್ಲಿಯ ವರದಿಗಳು ಸರಿಯಿದ್ದರೂ ಪರೀಕ್ಷೆಗಳನ್ನು ಇಲ್ಲಿ ಹೊಸದಾಗಿ ಮಾಡಿಸುವುದು ಒಳ್ಳೆಯದು. ವೈದ್ಯರೊಂದಿಗೆ ಚರ್ಚಿಸಬೇಕಾದವು ಇವು.

ರಕ್ತದ ಪೂರ್ಣ ಎಣಿಕೆ, ಮೈಯಲ್ಲಿಯ ಕಬ್ಬಿಣಾಂಶ ತಿಳಿಸುವ ಫೆರಿಟಿನ್, ವಿಟಮಿನ್ ಡಿ, ಥೈರಾಯ್ಡ್‌ನ ಟಿಎಸ್‌ಎಚ್, ರಕ್ತದಲ್ಲಿ ಸೀಸದ ಪ್ರಮಾಣ, ಹೆಪಟೈಟಿಸ್ ಬಿ ಮತ್ತು ಸಿ, ಎಚ್‌ಐವಿ, ಸಿಫಿಲಿಸ್, ಟಿಬಿಗೆ ಚರ್ಮಕ್ಕೆ ಚುಚ್ಚಿ ನೋಡುವ ಮಾಂಟೂ ಪರೀಕ್ಷೆ. ಮಲೇರಿಯಾ ಇರುವ ದೇಶದಿಂದ ಬಂದಿದ್ದರೆ ಅದರ ಪರೀಕ್ಷೆ, ಆಫ್ರಿಕಾ ಮೂಲದ ಮಗುವಾದರೆ ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತದ ಕಾಯಿಲೆಯ ಪರೀಕ್ಷೆ. ಮಲಪರೀಕ್ಷೆಗೆ ಒಂದು ಮಾದರಿ ಸಾಲದು. ಬೇರೆ ಬೇರೆ ದಿನದ ಮೂರು ಮಾದರಿ ಕೊಡಿ, ಜಿಯಾರ್ಡಿಯಾದಂಥ ಪರೋಪಜೀವಿಗಳು ಪ್ರತಿದಿನ ಹೊರಬೀಳುವುದಿಲ್ಲ.

ತಪ್ಪುವ ಜಾಗಗಳು ಇಲ್ಲಿ ಮೂರು. ಮೊದಲನೆಯದು, ‘ಬಿಸಿಜಿ ಹಾಕಿದ್ದಾರೆ, ಟಿಬಿ ಪರೀಕ್ಷೆ ಬೇಡ’ ಎನ್ನುವುದು. ಟಿಬಿ ತಡೆಯುವ ಬಿಸಿಜಿ ಲಸಿಕೆ ಆಗಿದ್ದರೂ ಪರೀಕ್ಷೆ ಬೇಕು. ತೀರಾ ಸೊರಗಿದ ಮಗುವಿನಲ್ಲಿ ಮಾಂಟೂ ಸುಳ್ಳಾಗಿ ನೆಗೆಟಿವ್ ಬರಬಹುದು, ಆದ್ದರಿಂದ ಮೈ ತುಂಬಿಕೊಂಡ ಮೇಲೆ, ಮೂರರಿಂದ ಆರು ತಿಂಗಳೊಳಗೆ ಇನ್ನೊಮ್ಮೆ. ಎರಡನೆಯದು, 18 ತಿಂಗಳಿಗಿಂತ ಚಿಕ್ಕ ಮಗುವಿನ ಎಚ್‌ಐವಿ ಪ್ರತಿಕಾಯ ಪರೀಕ್ಷೆ ಪಾಸಿಟಿವ್ ಬಂದರೆ ಅದು ತಾಯಿಯಿಂದ ಬಂದ ಪ್ರತಿಕಾಯವೂ ಆಗಿರಬಹುದು. ವೈರಸ್ಸನ್ನೇ ಹುಡುಕುವ ಪಿಸಿಆರ್ ಪರೀಕ್ಷೆ ಮಾಡಿಸದೆ ಏನನ್ನೂ ತೀರ್ಮಾನಿಸಬೇಡಿ. ಮೂರನೆಯದು, ಹೆಪಟೈಟಿಸ್ ಬಿ ಮತ್ತು ಎಚ್‌ಐವಿಯನ್ನು ಆರು ತಿಂಗಳ ನಂತರ ಮತ್ತೆ ಮಾಡಿಸಲು ಮರೆಯುವುದು. ಹೊರಡುವ ಮುನ್ನ ತಗಲಿದ ಸೋಂಕು ಮೊದಲ ಪರೀಕ್ಷೆಯಲ್ಲಿ ಕಾಣದೆ ಇರಬಹುದು.

ಸೀಸದ ಪರೀಕ್ಷೆ ಇಲ್ಲಿ ಯಾರಿಗೂ ನೆನಪಾಗುವುದಿಲ್ಲ, ನೀವೇ ಕೇಳಿ. ಹಾಗೆಯೇ ಅಂಗಡಿಯಲ್ಲಿ ಸಿಗುವ ಕಾಡಿಗೆ, ಸುರ್ಮಾ ಮಗುವಿನ ಕಣ್ಣಿಗೆ ಹಚ್ಚಬೇಡಿ. ಕೆಲವದರಲ್ಲಿ ಸೀಸ ಇರುತ್ತದೆ. ದೃಷ್ಟಿಬೊಟ್ಟು ಬೇಕೇ ಬೇಕೆಂದು ಹಿರಿಯರು ಹಠ ಹಿಡಿದರೆ ಅಂಗಾಲಿಗೆ ಮನೆಯ ದೀಪದ ಮಸಿ ಇಟ್ಟು ಮುಗಿಸಿ.

ಅದೇ ಭೇಟಿಯಲ್ಲಿ ಕಿವಿ ಮತ್ತು ಕಣ್ಣಿನ ತಜ್ಞರಿಗೆ ಚೀಟಿ ಬರೆಸಿಕೊಳ್ಳಿ. ಕಿವಿಗೆ ಓಎಇ (ಒಳಗಿವಿಯ ಸ್ಪಂದನೆ ಅಳೆಯುವ ಪರೀಕ್ಷೆ), ಅದರಲ್ಲಿ ಸಂದೇಹ ಬಂದರೆ ಬೆರಾ (ಶಬ್ದಕ್ಕೆ ನರ ಮತ್ತು ಮೆದುಳಿನ ಸ್ಪಂದನೆ ಅಳೆಯುವುದು), ಕಿವಿಯೊಳಗೆ ನೀರು ನಿಂತಿದೆಯೇ ಎಂದು ನೋಡಲು ಟಿಂಪನೋಮೆಟ್ರಿ. ಮುಂಬಯಿಯವರಿಗೆ ಬಾಂದ್ರಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯಲ್ಲಿ ಈ ಪರೀಕ್ಷೆಗಳಿವೆ. ಚಪ್ಪಾಳೆ ತಟ್ಟಿದರೆ ತಿರುಗುತ್ತದೆ ಎಂಬುದು ಪರೀಕ್ಷೆಯಲ್ಲ. ಒಂದು ಕಿವಿ ಕೇಳಿಸದ ಮಗುವೂ ತಿರುಗುತ್ತದೆ.

ಹೆತ್ತ ತಾಯಿಯ ಮದ್ಯಪಾನದ ಶಂಕೆಯಿದ್ದರೆ ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಚಿಕ್ಕ ತಲೆ, ತೆಳ್ಳನೆಯ ಮೇಲ್ದುಟಿ, ಮೂಗು ಮತ್ತು ತುಟಿಯ ನಡುವಿನ ಗೆರೆ ಮಾಸಿ ಸಪಾಟಾಗಿರುವುದು, ಕಿರಿದಾದ ಕಣ್ಣಿನ ಸೀಳು ಇವು ಒಟ್ಟಿಗೆ ಇದ್ದರೆ ಪರಿಶೀಲನೆ ಬೇಕು. ಇಲ್ಲಿಯ ವೈದ್ಯರು ಇದನ್ನು ದಿನನಿತ್ಯ ನೋಡುವುದಿಲ್ಲವಾದ್ದರಿಂದ ನೀವು ಹೇಳದೆ ಹೊಳೆಯದಿರಬಹುದು.

ಹಂತ 4: ಲಸಿಕೆಯ ಕಾಗದ ಓದುವುದು

ಕಾಗದದಲ್ಲಿರುವ ಪ್ರತಿ ತಾರೀಖನ್ನೂ ಮೊದಲು ನಮ್ಮ ಕ್ಯಾಲೆಂಡರಿಗೆ ತನ್ನಿ. ನೇಪಾಳದ ಬಿಕ್ರಮ ಸಂವತ್ ನಮ್ಮದಕ್ಕಿಂತ 56ರಿಂದ 57 ವರ್ಷ ಮುಂದಿದೆ, ಇಥಿಯೋಪಿಯಾದ ಕ್ಯಾಲೆಂಡರ್ 7ರಿಂದ 8 ವರ್ಷ ಹಿಂದಿದೆ, ಥಾಯ್ಲೆಂಡಿನದು 543 ವರ್ಷ ಮುಂದೆ. ಅಮೆರಿಕದಲ್ಲಿ ತಿಂಗಳು ಮೊದಲು, ದಿನ ಆಮೇಲೆ. 03/04 ಎಂದರೆ ಮಾರ್ಚ್ 4. ಇದೊಂದು ಎಡವಟ್ಟಿನಿಂದ ಡೋಸುಗಳ ನಡುವಿನ ಅಂತರ ತಪ್ಪಾಗಿ ಎಣಿಕೆಯಾಗುತ್ತದೆ. ಮಗುವಿನ ಹುಟ್ಟಿದ ತಾರೀಖಿಗೂ ಇದೇ ಎಚ್ಚರಿಕೆ ಬೇಕು.

ತಾರೀಖು, ಲಸಿಕೆಯ ಹೆಸರು, ಸರಿಯಾದ ಅಂತರ ಮೂರೂ ಇದ್ದರೆ ಆ ಡೋಸನ್ನು ವೈದ್ಯರು ಲೆಕ್ಕಕ್ಕೆ ಹಿಡಿಯುತ್ತಾರೆ. ಇಲ್ಲದಿದ್ದರೆ ಮತ್ತೆ ಕೊಡುವುದೇ ಸುಲಭ. ಹೆಚ್ಚಿಗೆ ಒಂದು ಡೋಸ್ ಬಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಭಾರತದ ಸರ್ಕಾರಿ ಪಟ್ಟಿಯಲ್ಲಿ ದಡಾರ-ರುಬೆಲ್ಲಾ 9 ತಿಂಗಳಿಗೆ ಒಂದು, 16ರಿಂದ 24 ತಿಂಗಳಲ್ಲಿ ಇನ್ನೊಂದು, ಅದೇ ಹೊತ್ತಿಗೆ ಡಿಪಿಟಿ ಬೂಸ್ಟರ್. ಎಷ್ಟೋ ದೇಶಗಳಲ್ಲಿ ಬಿಸಿಜಿ, ಬಾಯಿಯ ಪೋಲಿಯೊ ಹನಿ, ಟೈಫಾಯ್ಡ್ ಲಸಿಕೆ ಕೊಡುವುದಿಲ್ಲ. ಅವನ್ನು ಬೇರೆಯಾಗಿ ಕೇಳಿ. ದಡಾರದ್ದರಂತೆ ಬಲಗುಂದಿಸಿದ ಜೀವಂತ ರೋಗಾಣುವಿರುವ ಎರಡು ಲಸಿಕೆಗಳ ಚುಚ್ಚುಮದ್ದು ಒಂದೇ ದಿನ ಆಗಬೇಕು, ಇಲ್ಲವೇ ನಡುವೆ 4 ವಾರ ಬೇಕು. ಮಾಂಟೂ ಪರೀಕ್ಷೆಯನ್ನು ದಡಾರ ಲಸಿಕೆಯ ದಿನವೇ ಅಥವಾ ಅದಕ್ಕಿಂತ ಮೊದಲು ಮಾಡಿಸಿ. ತಪ್ಪಿದರೆ ಒಂದೂವರೆ ತಿಂಗಳು ಬಿಟ್ಟು.

ಹಂತ 5: ಊಟ

ಮೊದಲ ಎರಡು ವಾರ ಅದು ತಿನ್ನುತ್ತಿದ್ದುದನ್ನೇ ಕೊಡಿ. ಆಮೇಲೆ ಪ್ರತಿ ಮೂರು ದಿನಕ್ಕೊಂದು ಹೊಸ ರುಚಿ, ಸಪ್ಪೆಯಿಂದ ಶುರು: ಗಂಜಿ, ರಾಗಿ ಮಣ್ಣಿ, ಮೊಸರನ್ನ, ಇಡ್ಲಿ, ತೆಳು ಬೇಳೆಕಟ್ಟು. ಒಗ್ಗರಣೆ, ಮೆಣಸು ಆಮೇಲೆ. ದಿನಕ್ಕೆ ಮೂರು ಊಟ, ಎರಡು ಮೂರು ಸಲ ತಿಂಡಿ, ಎರಡೂವರೆ ಮೂರು ಗಂಟೆಗೊಮ್ಮೆ, ಹೊತ್ತು ತಪ್ಪದೆ. ಹೊತ್ತಿಗೆ ಸರಿಯಾಗಿ ಊಟ ಬರುತ್ತದೆ ಎಂಬ ನಂಬಿಕೆ ಹುಟ್ಟುವುದೇ ಈ ಹಂತದ ಗುರಿ.

ವಾಂತಿಯಾಗುವವರೆಗೂ ತಿನ್ನುವುದು, ಚಪಾತಿಯ ಚೂರನ್ನು ಹಾಸಿಗೆಯ ಕೆಳಗೆ ಅಡಗಿಸುವುದು, ಬೇರೆಯವರ ತಟ್ಟೆಗೆ ಕೈ ಹಾಕುವುದು ಮೊದಲ ತಿಂಗಳುಗಳಲ್ಲಿ ಸಾಮಾನ್ಯ. ಬೈಯಬೇಡಿ, ಕಸಿದುಕೊಳ್ಳಬೇಡಿ. ಕಸಿದಷ್ಟೂ ಅಡಗಿಸುವುದು ಹೆಚ್ಚುತ್ತದೆ. ಅದರ ಕೈಗೆಟುಕುವ ಒಂದು ಡಬ್ಬಿಯಲ್ಲಿ ಬಾಳೆಹಣ್ಣಿನ ತುಂಡು, ಮೆತ್ತನೆಯ ಇಡ್ಲಿ ಚೂರು ಯಾವಾಗಲೂ ಇರಲಿ, ತಿನ್ನುವಾಗ ಕಣ್ಣಿಡಿ. ಕೆಲವು ತಿಂಗಳಲ್ಲಿ ಡಬ್ಬಿ ತುಂಬಿದಂತೆಯೇ ಉಳಿಯತೊಡಗುತ್ತದೆ. ಆ ವಾರವನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ, ತೂಕದಷ್ಟೇ ಮುಖ್ಯವಾದ ದಾಖಲೆ ಅದು.

ಬಾಟಲಿಯಲ್ಲಿ ನುಣ್ಣನೆಯದನ್ನೇ ಕುಡಿದು ಬೆಳೆದ ಮಗುವಿಗೆ ಅಗಿಯಲು ಬರುವುದಿಲ್ಲ. ಅನ್ನದ ಅಗುಳಿಗೇ ಓಕರಿಸುತ್ತದೆ. ಮಿಕ್ಸಿಯಲ್ಲಿ ನುಣ್ಣಗೆ, ಆಮೇಲೆ ತರಿತರಿ, ಆಮೇಲೆ ಕೈಯಲ್ಲಿ ಹಿಸುಕಿದ್ದು, ಕೊನೆಗೆ ತುಂಡು, ಒಂದೊಂದಕ್ಕೂ ಒಂದೆರಡು ವಾರ. ಎರಡು ತಿಂಗಳಾದರೂ ತರಿಗೆ ಬರದಿದ್ದರೆ ಉಣ್ಣುವುದು, ಆಡುವುದರಂಥ ದಿನನಿತ್ಯದ ಕೌಶಲಗಳಿಗೆ ತರಬೇತಿ ಕೊಡುವ ಆಕ್ಯುಪೇಷನಲ್ ಥೆರಪಿಸ್ಟ್ ನೋಡಲಿ.

ಹಾಲು ದಿನಕ್ಕೆ 500 ಮಿಲಿ ದಾಟಬಾರದು. ಮಗು ಸಣ್ಣಗಿದೆ ಅಂತ ಲೀಟರ್‌ಗಟ್ಟಲೆ ಹಾಲು ಕುಡಿಸಿದರೆ ಊಟ ಬಿಡುತ್ತದೆ, ಕಬ್ಬಿಣಾಂಶ ಕುಸಿಯುತ್ತದೆ. ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಅದು ತೀವ್ರ ಅಪೌಷ್ಟಿಕತೆ. ಅಂಥ ಮಗುವಿಗೆ ಮನೆಯಲ್ಲೇ ಒಮ್ಮೆಲೇ ಹೆಚ್ಚು ಉಣಿಸುವುದು ಅಪಾಯ, ರಕ್ತದಲ್ಲಿಯ ಲವಣಗಳು ಏರುಪೇರಾಗುತ್ತವೆ. ಅದೇ ದಿನ ಆಸ್ಪತ್ರೆಗೆ ಹೋಗಿ.

ಹಂತ 6: ನಿದ್ದೆ

ಬೇರೆ ಕೋಣೆ ಬೇಡ. ನಿಮ್ಮ ಕೋಣೆಯಲ್ಲೇ, ಕೈಚಾಚಿದರೆ ಸಿಗುವಷ್ಟು ದೂರದಲ್ಲಿ ಹಾಸಿಗೆ ಹಾಕಿ. ಕಾಲಮಾನದ ವ್ಯತ್ಯಾಸ ಒಂದೆರಡು ವಾರದಲ್ಲಿ ಸರಿಹೋಗುತ್ತದೆ. ಅದಾದ ಮೇಲೂ ರಾತ್ರಿ ಎದ್ದು ಅಳುವುದು, ತಲೆ ಆಡಿಸಿಕೊಂಡು ತಾನೇ ತೂಗಿಕೊಳ್ಳುವುದು ಇರಬಹುದು. ತೂಗಿಕೊಳ್ಳುವುದನ್ನು ತಡೆಯಬೇಡಿ, ಎತ್ತಿಕೊಂಡು ನೀವೇ ತೂಗಿ. ‘ಅಳಲಿ, ಕಲಿಯುತ್ತೆ’ ಎಂಬ ಪದ್ಧತಿ ಈ ಮಕ್ಕಳಿಗೆ ಒಂದು ರಾತ್ರಿಗೂ ಸಲ್ಲ. ಅತ್ತರೂ ಯಾರೂ ಬರುವುದಿಲ್ಲ ಎಂಬುದನ್ನು ಅವು ಆಗಲೇ ಕಲಿತು ಬಂದಿರುತ್ತವೆ.

ಹಂತ 7: ಯಾವ ಭಾಷೆ, ಯಾರಿಂದ

ಮುಂಬಯಿಯ ನಮ್ಮ ಮನೆಗಳಲ್ಲಿ ತುಳು ಅಥವಾ ಕೊಂಕಣಿ, ಕನ್ನಡ, ಕೆಲಸದವರ ಮರಾಠಿ, ಲಿಫ್ಟಿನ ಹಿಂದಿ, ಆಫೀಸಿನ ಇಂಗ್ಲಿಷ್ ಎಲ್ಲ ಒಂದೇ ಬೆಳಗಿನಲ್ಲಿ ಕೇಳಿಬರುತ್ತವೆ. ಮೊದಲ ಆರು ತಿಂಗಳಿಗೆ ಒಂದು ಮುಖ್ಯ ಭಾಷೆ ಆರಿಸಿ. ಅಪ್ಪ ಅಮ್ಮ ಪ್ರೀತಿಸುವುದು, ಗದರುವುದು, ಲಾಲಿ ಹಾಡುವುದು ಯಾವ ಭಾಷೆಯಲ್ಲೋ ಅದೇ ಸರಿ. ತುಳುವಾದರೆ ತುಳು, ಕನ್ನಡವಾದರೆ ಕನ್ನಡ. ‘ಮಾತು ತಡವಾಗಿದೆ, ಇಂಗ್ಲಿಷ್ ಒಂದನ್ನೇ ಮಾತಾಡಿ’ ಎಂಬ ಸಲಹೆ ಯಾರು ಕೊಟ್ಟರೂ ಪಾಲಿಸಬೇಡಿ. ಉಳಿದ ಭಾಷೆಗಳನ್ನು ಓಡಿಸಬೇಕಾಗಿಲ್ಲ, ಅವು ಅವುಗಳ ಜನರ ಬಾಯಿಂದ ಬರಲಿ.

ಮಗು ತಂದ ಭಾಷೆ ಕೆಲವೇ ತಿಂಗಳಲ್ಲಿ ಕಳಚಿಹೋಗುತ್ತದೆ, ಹೊಸದು ಇನ್ನೂ ಕೂತಿರುವುದಿಲ್ಲ. ಈ ನಡುವಿನ ಕಾಲದಲ್ಲಿ ಮಗು ಮೂಕವಾಗಿ ಕಾಣುತ್ತದೆ, ಕಚ್ಚುವುದು ಚೀರುವುದು ಹೆಚ್ಚುತ್ತದೆ. ಆಗ ನೀವು ರೆಕಾರ್ಡ್ ಮಾಡಿ ತಂದ ಮಾತುಗಳು ಕೆಲಸಕ್ಕೆ ಬರುತ್ತವೆ. ನೀರು ಕೊಡುವಾಗ ಮೊದಲು ಅದರ ಮಾತು, ಕೂಡಲೇ ನಿಮ್ಮ ಮಾತು, ಜೊತೆಗೆ ಕೈಸನ್ನೆ. ಸನ್ನೆ ಕಲಿಸಿದರೆ ಮಾತು ತಡವಾಗುತ್ತದೆ ಎಂಬುದು ಸುಳ್ಳು.

ದಿನವಿಡೀ ಹೊಸ ಪದ ಸುರಿಯಬೇಡಿ. ಒಂದೇ ಕೆಲಸಕ್ಕೆ ಒಂದೇ ಮಾತು. ‘ಚಪ್ಪಲಿ ಹಾಕೋಣ. ಇದೊಂದು ಚಪ್ಪಲಿ. ಇನ್ನೊಂದು ಎಲ್ಲಿ? ಆಹಾ, ಸಿಕ್ಕಿತು ಚಪ್ಪಲಿ.’ ಎಂದು ಹೊರಹೋಗುವಾಗಲೆಲ್ಲ ಇದನ್ನೇ ಹೇಳಿ. ಟಿವಿ, ಫೋನಿನ ಶಿಶುಗೀತೆಯಿಂದ ಭಾಷೆ ಬರುವುದಿಲ್ಲ. ಎರಡು ವರ್ಷದೊಳಗೆ ಪರದೆ ಬೇಡ, ಆಮೇಲೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2019ರ ಸೂಚನೆ.

ಅಳೆಯುವಾಗ ಆಡುವ ಮಾತಿಗಿಂತ ಅರ್ಥವಾಗುವ ಮಾತನ್ನು ಮೊದಲು ಎಣಿಸಿ. ಸನ್ನೆ ಮಾಡದೆ, ಕಣ್ಣಿಂದಲೂ ತೋರಿಸದೆ, ‘ಚೆಂಡು ಕೊಡು’ ಎಂದಾಗ ಕೊಟ್ಟರೆ ಮಾತ್ರ ಆ ಪದ ಬರುತ್ತದೆ ಎಂದು ಬರೆಯಿರಿ. ಮೂರು ತಿಂಗಳಾಗುವಷ್ಟರಲ್ಲಿ ದಿನಬಳಕೆಯ ಪದಗಳು ಸನ್ನೆಯಿಲ್ಲದೆ ತಿಳಿಯುತ್ತಿರಬೇಕು, ಪಟ್ಟಿ ವಾರವಾರ ಬೆಳೆಯುತ್ತಿರಬೇಕು. ಪಟ್ಟಿ ನಿಂತಿದ್ದರೆ ಭಾಷೆ ಬದಲಾದದ್ದೇ ಕಾರಣ ಎಂದು ಸಮಾಧಾನ ಮಾಡಿಕೊಳ್ಳದೆ ಮತ್ತೆ ಕಿವಿ ಪರೀಕ್ಷೆಗೆ ಹೋಗಿ.

ಹಂತ 8: ತಿಂಗಳ ಹಾಳೆ

ಪ್ರತಿ ಹಾಳೆಯ ಮೇಲೆ ಎರಡು ವಯಸ್ಸು ಬರೆಯಿರಿ. ಒಂದು ಹುಟ್ಟಿದ ವಯಸ್ಸು, ಇನ್ನೊಂದು ಮನೆಗೆ ಬಂದ ದಿನದಿಂದ ಎಣಿಸಿದ ಮನೆಯ ವಯಸ್ಸು. ಅವಧಿಗೆ ಮೊದಲೇ ಹುಟ್ಟಿದ ಮಗುವಾದರೆ 2 ವರ್ಷದವರೆಗೆ ಆ ವಾರಗಳನ್ನು ಹುಟ್ಟಿದ ವಯಸ್ಸಿನಿಂದ ಕಳೆಯಿರಿ. ತೂಕ, ಎತ್ತರ, ನಡಿಗೆಗೆ ಹುಟ್ಟಿದ ವಯಸ್ಸು ನೋಡಬೇಕು. ಭಾಷೆ, ಅಂಟಿಕೊಳ್ಳುವಿಕೆ, ಊಟದ ನಂಬಿಕೆಗೆ ಮನೆಯ ವಯಸ್ಸು. 26 ತಿಂಗಳ ಮಗು ಮನೆಗೆ ಬಂದು 4 ತಿಂಗಳಾಗಿದ್ದರೆ ಕನ್ನಡದಲ್ಲಿ ಅದರ ವಯಸ್ಸು 4 ತಿಂಗಳು.

ತಿಂಗಳಿಗೆ ಒಂದೇ ದಿನ ಅಳೆಯಿರಿ, ಬೆಳಿಗ್ಗೆ, ಚಡ್ಡಿಯಲ್ಲಿ. ದಿನಾ ತೂಗಿದರೆ ಮಲಮೂತ್ರದ ಏರಿಳಿತವಷ್ಟೇ ಕಾಣುತ್ತದೆ. 2 ವರ್ಷದೊಳಗೆ ಮಲಗಿಸಿ ಉದ್ದ ಅಳೆಯಬೇಕು, ಆಮೇಲೆ ನಿಲ್ಲಿಸಿ. ನಿಲ್ಲಿಸಿದಾಗ ಸುಮಾರು 0.7 ಸೆಂ.ಮೀ. ಕಡಿಮೆ ಬರುತ್ತದೆ, ಮಗು ಕುಗ್ಗಿತೆಂದು ಹೆದರಬೇಡಿ. ತಲೆಯ ಸುತ್ತಳತೆಗೆ ಟೇಪು ಹುಬ್ಬಿನ ಮೇಲಿಂದ ಹಿಂತಲೆಯ ಅತಿ ಉಬ್ಬಿದ ಜಾಗಕ್ಕೆ. ಮೂರು ಸಲ ಅಳೆದು ದೊಡ್ಡದನ್ನು ಬರೆಯಿರಿ.

ಸಂಸ್ಥೆಯಲ್ಲಿ ಕಳೆದ ಪ್ರತಿ ಮೂರು ತಿಂಗಳಿಗೆ ಎತ್ತರದಲ್ಲಿ ಸುಮಾರು ಒಂದು ತಿಂಗಳ ಬೆಳವಣಿಗೆ ಹಿಂದೆ ಬೀಳುತ್ತದೆ ಎಂಬುದು ದತ್ತು ಮಕ್ಕಳ ವೈದ್ಯರು ಬಳಸುವ ಅಂದಾಜು. ಹಾಗಾಗಿ ಮೊದಲ ಚುಕ್ಕೆ ನಕ್ಷೆಯ ಕೆಳಗಿನ ಗೆರೆಯಲ್ಲಿದ್ದರೆ ಅದು ತೀರ್ಪಲ್ಲ. ಎರಡನೇ ವರ್ಷದಲ್ಲಿ ಸಾಮಾನ್ಯ ಮಗು ತಿಂಗಳಿಗೆ ಸುಮಾರು 200 ಗ್ರಾಂ ತೂಕ, 1 ಸೆಂ.ಮೀ. ಎತ್ತರ ಏರುತ್ತದೆ. ಹಿಂದೆ ಬಿದ್ದ ಮಗು ಮನೆಯ ಊಟ ಸಿಕ್ಕ ಮೇಲೆ ಇದಕ್ಕಿಂತ ವೇಗವಾಗಿ ಏರಬೇಕು. ಮೊದಲು ತೂಕ, ಹಿಂದೆಯೇ ಎತ್ತರ. ಚೆನ್ನಾಗಿ ತಿಂದೂ ಮೂರು ತಿಂಗಳು ತೂಕ ಏರದಿದ್ದರೆ ಪರೋಪಜೀವಿ, ಥೈರಾಯ್ಡ್ ಮತ್ತೆ ನೋಡಿಸಬೇಕು, ಗೋಧಿಯ ಅಂಟು ಒಗ್ಗದ ಸೀಲಿಯಾಕ್ ಕಾಯಿಲೆಯನ್ನೂ ನೋಡಿಸಬೇಕು.

ಕೌಶಲಗಳಿಗೆ ಐದು ಸಾಲು ಸಾಕು: ದೊಡ್ಡ ಚಲನೆ, ಕೈಬೆರಳು, ತಿಳಿಯುವ ಮಾತು, ಆಡುವ ಮಾತು, ಜನರೊಂದಿಗೆ. ಸುಮಾರು 18 ತಿಂಗಳಿಗೆ ಆಸರೆಯಿಲ್ಲದೆ ನಡೆಯುವುದು, ಬೆರಳು ಚಾಚಿ ಏನನ್ನಾದರೂ ತೋರಿಸುವುದು. 2 ವರ್ಷಕ್ಕೆ ಓಡುವುದು, ಚೆಂಡು ಒದೆಯುವುದು, ಚಮಚ ಹಿಡಿದು ತಿನ್ನುವುದು. ಎರಡೂವರೆಗೆ ಎರಡೂ ಕಾಲು ಎತ್ತಿ ಹಾರುವುದು, ಗೊಂಬೆಗೆ ಊಟ ಮಾಡಿಸುವ ನಾಟಕ. ಪ್ರತಿ ತಿಂಗಳು ಒಂದೇ ಆಟದ ಎರಡು ನಿಮಿಷದ ವಿಡಿಯೊ ತೆಗೆದಿಡಿ, ನಿಮ್ಮ ಮಾತಿಗಿಂತ ಅದು ವೈದ್ಯರಿಗೆ ಹೆಚ್ಚು ಹೇಳುತ್ತದೆ. ಸಂಸ್ಥೆಯ ಸಪಾಟು ನೆಲದ ಮೇಲಷ್ಟೇ ನಡೆದ ಮಗು ಮರಳು, ಹುಲ್ಲಿನ ಮೇಲೆ ಅಳುವುದು ಸಾಮಾನ್ಯ. ಗೋವಾದ ಕಡಲತೀರಕ್ಕೆ ಒಯ್ದು ಇಳಿಸಿಬಿಡಬೇಡಿ. ಮೊದಲು ನಿಮ್ಮ ತೊಡೆಯ ಮೇಲೆ ಕೂರಿಸಿ ಕಾಲಬೆರಳಷ್ಟೇ ತಾಗಿಸಿ.

ಓದುವ ರೀತಿ ಹೀಗೆ. ಮೊದಲ ಎರಡರಿಂದ ನಾಲ್ಕು ವಾರ ಹಿಂದಕ್ಕೆ ಹೋಗುವುದುಂಟು: ನಡೆಯುತ್ತಿದ್ದ ಮಗು ತೆವಳುತ್ತದೆ, ಬಟ್ಟೆ ಒದ್ದೆ ಮಾಡುತ್ತದೆ. ಅದನ್ನು ಬಿಟ್ಟು, ಮೂರನೇ ತಿಂಗಳಿಂದ ಒಂದು ತಿಂಗಳಲ್ಲಿ ಕನಿಷ್ಠ ಒಂದು ತಿಂಗಳ ಕೌಶಲ ಬರಬೇಕು. ಹಿಂದುಳಿದ ಮಗು ಒಂದು ತಿಂಗಳಲ್ಲಿ ಎರಡು ತಿಂಗಳ ದಾರಿ ದಾಟಿದರೆ ಅದು ಚೇತರಿಕೆ. ಸತತ ಎರಡು ಹಾಳೆಯಲ್ಲಿ ಒಂದು ತಿಂಗಳ ಕೌಶಲಕ್ಕಿಂತ ಕಡಿಮೆಯಾದರೆ ಮುಂದಿನ ಹಂತಕ್ಕೆ ಹೋಗಿ.

ಹಂತ 9: ಕಾಯಬಾರದ ಚಿಹ್ನೆಗಳು, ಹೋಗಬೇಕಾದ ಜಾಗ

ಮನೆಯ ವಯಸ್ಸು ಎಷ್ಟೇ ಇರಲಿ, ಇವಕ್ಕೆ ಕಾಯಬೇಡಿ. ಮೊದಲ ತಿಂಗಳ ನಂತರ ಬರುತ್ತಿದ್ದುದು ಹೋಗುವುದು. 18 ತಿಂಗಳಾದರೂ ನಡೆಯದಿರುವುದು, ಬೆರಳು ಚಾಚಿ ತೋರಿಸದಿರುವುದು. ಒಂದೇ ಕೈ ಬಳಸಿ ಇನ್ನೊಂದನ್ನು ಮುಷ್ಟಿ ಕಟ್ಟಿಡುವುದು. ತಲೆಯ ಸುತ್ತಳತೆ ಗೆರೆ ದಾಟಿ ಕೆಳಗೆ ಅಥವಾ ಮೇಲೆ ಹೋಗುವುದು. ಕಣ್ಣು ಒಂದೆಡೆ ನೆಟ್ಟು ಕ್ಷಣಕಾಲ ಜ್ಞಾನ ತಪ್ಪಿದಂತಾಗುವುದು. ಆರು ತಿಂಗಳಾದರೂ ನೋವಾದಾಗ ನಿಮ್ಮನ್ನು ಹುಡುಕದಿರುವುದು.

ಆಟಿಸಂನ ಎಂ-ಚಾಟ್ ಪ್ರಶ್ನಾವಳಿ 16ರಿಂದ 30 ತಿಂಗಳ ಮಕ್ಕಳಿಗೆ, 20 ಪ್ರಶ್ನೆ. 3ರಿಂದ 7 ಅಂಕ ಬಂದರೆ ಮರುಪ್ರಶ್ನೆ, 8 ಅಥವಾ ಹೆಚ್ಚು ಬಂದರೆ ನೇರ ತಪಾಸಣೆ. ಮನೆಗೆ ಬಂದ ವಾರದಲ್ಲೇ ತುಂಬಿದರೆ ಅಂಕ ಸುಳ್ಳಾಗಿ ಏರುತ್ತದೆ; ಆರೈಕೆ ಸಿಗದೆ ಬೆಳೆದ ಮಗುವಿನಲ್ಲೂ ತೂಗಾಡುವುದು, ಕಣ್ಣು ತಪ್ಪಿಸುವುದು ಇರುತ್ತದೆ, ಮನೆಯಲ್ಲಿ ಕ್ರಮೇಣ ಕಡಿಮೆಯಾಗುತ್ತದೆ. ಮೂರನೇ ತಿಂಗಳಿಗೆ ತುಂಬಿ, ಆರನೆಯದಕ್ಕೆ ಮತ್ತೆ. ಮೂರನೆಯದರಲ್ಲೇ 8 ದಾಟಿದರೆ ಆರಕ್ಕೆ ಕಾಯಬೇಡಿ.

ಮುಂಬಯಿಯಲ್ಲಿ ಪರೇಲಿನ ವಾಡಿಯಾ ಮಕ್ಕಳ ಆಸ್ಪತ್ರೆ, ಉಮ್ಮೀದ್ ಮಕ್ಕಳ ಬೆಳವಣಿಗೆ ಕೇಂದ್ರ. ಪುಣೆಯಲ್ಲಿ ಕೆಇಎಂ ಆಸ್ಪತ್ರೆಯ ಮಕ್ಕಳ ಬೆಳವಣಿಗೆ ವಿಭಾಗ. ಗೋವಾದಲ್ಲಿ ಸೇತು ಸಂಸ್ಥೆ, ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದ ಆರಂಭಿಕ ಚಿಕಿತ್ಸಾ ಕೇಂದ್ರಗಳೂ ಇವೆ. ತಪಾಸಣೆ ಮಾಡುವವರು ಹಿಂದಿಯಲ್ಲೋ ಮರಾಠಿಯಲ್ಲೋ ಪ್ರಶ್ನೆ ಕೇಳಿದರೆ ತುಳು, ಕನ್ನಡದ ಮಗು ಸುಮ್ಮನಿರುತ್ತದೆ, ಅಂಕ ಕುಸಿಯುತ್ತದೆ. ‘ಈ ಪ್ರಶ್ನೆ ನಮ್ಮ ಭಾಷೆಯಲ್ಲಿ ನಾನು ಕೇಳಲೇ?’ ಎಂದು ಮೊದಲೇ ಕೇಳಿ, ಮನೆಯ ವಯಸ್ಸನ್ನು ವರದಿಯಲ್ಲಿ ಬರೆಸಿ. ಮಗುವನ್ನು ಕೊಟ್ಟ ದೇಶ ಕೇಳುವ ದತ್ತು ನಂತರದ ವರದಿಗಳಿಗೂ ಇದೇ ಹಾಳೆಗಳ ಪ್ರತಿ ಲಗತ್ತಿಸಬಹುದು.

ಹಂತ 10: ಪ್ಲೇಸ್ಕೂಲು

ಮನೆಯ ವಯಸ್ಸು ಆರು ತಿಂಗಳಾಗುವ ಮೊದಲು ಬೇಡ. ಇಬ್ಬರಿಗೂ ಕೆಲಸ ಬಿಡಲಾಗದಿದ್ದರೆ ರಜೆಯನ್ನು ಒಟ್ಟಿಗೆ ಹಾಕದೆ ಒಬ್ಬರ ನಂತರ ಒಬ್ಬರು ಹಾಕಿ, ಮಗುವಿಗೆ ಯಾವಾಗಲೂ ಒಬ್ಬರು ಇರುವಂತೆ. ಸೇರಿಸುವಾಗ ಮೊದಲ ವಾರ ನೀವೂ ಒಳಗೆ ಕೂತು ಅರ್ಧ ಗಂಟೆ. ಎರಡನೇ ವಾರ ಬಾಗಿಲ ಹೊರಗೆ ಕೂತು ಒಂದು ಗಂಟೆ. ಹೇಳದೆ ಜಾರಿಕೊಳ್ಳಬೇಡಿ, ‘ಅಮ್ಮ ಹೋಗಿ ಬರ್ತಾಳೆ’ ಎಂದು ಕಣ್ಣೆದುರೇ ಹೇಳಿ ಹೋಗಿ, ಹೇಳಿದ ಹೊತ್ತಿಗೆ ಬನ್ನಿ. ಸಾಲಾಗಿ ಮಂಚ ಹಾಕಿ ಮಲಗಿಸುವ ಕೋಣೆ ಸಂಸ್ಥೆಯನ್ನು ನೆನಪಿಸಬಹುದು, ಮೊದಲ ತಿಂಗಳುಗಳಲ್ಲಿ ಮಧ್ಯಾಹ್ನದ ನಿದ್ದೆಗೆ ಮುಂಚೆಯೇ ಕರೆತನ್ನಿ.

ಶಿಕ್ಷಕಿಗೆ ಹೇಳಬೇಕಾದ್ದು ಮೂರೇ: ಊಟ ಅಡಗಿಸಿದರೆ ಬೈಯಬೇಡಿ, ಹೊಸಬರು ಎತ್ತಿಕೊಳ್ಳಲು ಬಿಡಬೇಡಿ, ಬಿದ್ದರೂ ಅಳದಿದ್ದರೆ ಮೈ ಕೈ ನೋಡಿ. ಎಲ್ಲಿಂದ ತಂದದ್ದು, ಹೆತ್ತವರು ಯಾರು ಎಂಬ ವಿವರ ಅವರಿಗೂ ಬೇಡ, ಲಿಫ್ಟಿನಲ್ಲಿ ಕೇಳುವವರಿಗೂ ಬೇಡ. ಅದು ಮಗುವಿನ ಸ್ವತ್ತು. ಮೂರು ವಾರ ಕಳೆದರೂ ಸಂಜೆಯಿಡೀ ಅಂಟಿಕೊಂಡೇ ಇರುವುದು, ರಾತ್ರಿ ಮತ್ತೆ ತೂಗಿಕೊಳ್ಳುವುದು, ಊಟದ ಡಬ್ಬಿ ಮತ್ತೆ ಖಾಲಿಯಾಗುವುದು ಕಂಡರೆ ಶಾಲೆ ಬಿಡಿಸಿ, ಮೂರು ತಿಂಗಳು ಬಿಟ್ಟು ಮೊದಲ ವಾರದ ಅರ್ಧ ಗಂಟೆಯಿಂದಲೇ ಮತ್ತೆ ಶುರುಮಾಡಿ.